ರೆಸಿನ್ ಬಸ್ಟ್‌ಗೆ ವಾಷ್ ಹಚ್ಚುವುದು: ಕಲೆ ಬೀಳದಂತೆ, ಹಂತ ಹಂತವಾಗಿ

ಕೆನ್ನೆಯ ಮೇಲೆ ಕಂದು ಉಂಗುರಗಳು, ಹಣೆಯ ತುಂಬ ಮಚ್ಚೆ, ಮೂಗಿನ ಪಕ್ಕ ಕಪ್ಪಗೆ ಗಟ್ಟಿಯಾದ ಒಂದು ಹನಿ. ರೆಸಿನ್ ಬಸ್ಟ್‌ಗೆ, ಅಂದರೆ ತಲೆಯಿಂದ ಎದೆವರೆಗಿನ ರೆಸಿನ್ ಪ್ರತಿಮೆಗೆ, ಮೊದಲ ಸಲ ವಾಷ್ ಹಚ್ಚಿದವರ ಕೆಲಸದಲ್ಲಿ ಪದೇ ಪದೇ ಕಾಣುವುದು ಇವೇ ಮೂರು. ಇದೇ ಜನ 28 ಮಿ.ಮೀ. ಗೊಂಬೆಗಳಿಗೆ ಅದೇ ಬಾಟಲಿಯ ವಾಷ್ ಹಚ್ಚಿ ಚೆಂದ ಮಾಡಿರುತ್ತಾರೆ. ಬಸ್ಟ್ ಕೈಗೆ ಬಂದ ಕೂಡಲೇ ಎಲ್ಲ ತಪ್ಪುತ್ತದೆ.

ಕಾರಣ ಇರುವುದು ಅಳತೆಯಲ್ಲಿ. ವಾಷ್ ಅಂದರೆ ತುಂಬ ತೆಳು ಬಣ್ಣ. ಉಬ್ಬಿನಿಂದ ಜಾರಿ ತಗ್ಗಿಗೆ ಹೋಗಿ ನಿಲ್ಲುವುದು ಅದರ ಗುಣ. ಸಣ್ಣ ಗೊಂಬೆಯ ಮುಖದಲ್ಲಿ ಉಬ್ಬು, ತಗ್ಗು ಪಕ್ಕಪಕ್ಕದಲ್ಲೇ ಇರುತ್ತವೆ. ಹಾಗಾಗಿ ಬಣ್ಣಕ್ಕೆ ಹೋಗಲು ಜಾಗ ಸಿಗುತ್ತದೆ. 1/10 ಅಳತೆಯ ಬಸ್ಟ್‌ನಲ್ಲಿ ಮುಖವೇ ಸುಮಾರು ಎರಡು ಸೆಂಟಿಮೀಟರ್ ಎತ್ತರ. ಕೆನ್ನೆ, ಹಣೆ ನುಣ್ಣಗೆ, ಅಗಲವಾಗಿ ಇರುತ್ತವೆ. ಅಲ್ಲಿ ಸುರಿದ ವಾಷ್‌ಗೆ ಹರಿಯಲು ತಗ್ಗಿಲ್ಲ, ಅದು ನಿಂತಲ್ಲೇ ಒಣಗುತ್ತದೆ. ಅಂಚು ಮೊದಲು ಒಣಗುತ್ತದೆ, ಒಳಗಿನ ನೀರು ಅಂಚಿನ ಕಡೆ ಹೋಗುತ್ತಾ ಬಣ್ಣದ ಕಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಮೇಜಿನ ಮೇಲೆ ಚೆಲ್ಲಿದ ಕಾಫಿ ಹನಿ ಒಣಗಿದಾಗ ಅಂಚಿನಲ್ಲಿ ಉಂಗುರ ಉಳಿಯುತ್ತದಲ್ವಾ, ಅದೇ ಇದು.

ಆದ್ದರಿಂದ ಬಸ್ಟ್ ಮೇಲೆ ವಾಷ್ ಅನ್ನು ಸುರಿಯಬಾರದು. ಸ್ವಲ್ಪವೇ ತೆಗೆದುಕೊಂಡು, ಬೇಕಾದ ಕಡೆ ಇಟ್ಟು, ಅಲ್ಲೇ ನಿಲ್ಲಿಸಬೇಕು. ಕೆಳಗಿನ ಎಲ್ಲ ಹಂತಗಳೂ ಇದಕ್ಕಾಗಿಯೇ. ಉದಾಹರಣೆಗೆ ವಯಸ್ಸಾದ ಒಬ್ಬ ಡ್ವಾರ್ಫ್ (ಫ್ಯಾಂಟಸಿ ಕಥೆಗಳ ಕುಳ್ಳ) ಯೋಧನನ್ನು ತೆಗೆದುಕೊಳ್ಳೋಣ. ಸುಕ್ಕು ಮುಖ, ಎದೆವರೆಗೆ ಗಡ್ಡ, ಚರ್ಮದ ಅಂಗಿ, ಕುತ್ತಿಗೆಯ ಸುತ್ತ ಸರಪಳಿ ಕವಚ, ತಲೆಗೆ ಕಬ್ಬಿಣದ ಶಿರಸ್ತ್ರಾಣ. ವಾಷ್ ಕಲಿಯಲು ಇದಕ್ಕಿಂತ ಒಳ್ಳೆಯ ಬಸ್ಟ್ ಇಲ್ಲ, ಯಾಕೆಂದರೆ ಒಂದೊಂದು ಭಾಗವೂ ಬೇರೆ ಬೇರೆ ರೀತಿ ಕೇಳುತ್ತದೆ.

## ಏನೇನು ಬೇಕು

ವಾಷ್‌ಗಳಲ್ಲಿ ನಾಲ್ಕು ಸಾಕು: ಚರ್ಮದ ಬಣ್ಣದ ಕೆಂಗಂದು, ಗಾಢ ಕಂದು, ಕಪ್ಪು, ನೇರಳೆ. ಸಿಟಾಡೆಲ್ ಬ್ರ್ಯಾಂಡ್‌ನಲ್ಲಾದರೆ ರೈಕ್‌ಲ್ಯಾಂಡ್ ಫ್ಲೆಶ್‌ಶೇಡ್, ಅಗ್ರಾಕ್ಸ್ ಅರ್ಥ್‌ಶೇಡ್, ನುಲ್ನ್ ಆಯಿಲ್, ಡ್ರೂಚಿ ವಯೊಲೆಟ್. ನುಲ್ನ್ ಆಯಿಲ್ ಹೆಸರಲ್ಲಿ ಆಯಿಲ್ ಇದ್ದರೂ ಅದು ನೀರಿನ ಅಕ್ರಿಲಿಕ್ಕೇ, ಅದಕ್ಕೆ ಟರ್ಪೆಂಟೈನ್ ಬೆರೆಸಬೇಡಿ. ಆರ್ಮಿ ಪೇಂಟರ್, ವಯೆಹೋ ವಾಷ್‌ಗಳೂ ನಡೆಯುತ್ತವೆ.

ವಾಷ್‌ಗಿಂತ ಮುಖ್ಯವಾದದ್ದು ಮ್ಯಾಟ್ ಮೀಡಿಯಂ, ಅಂದರೆ ಬಣ್ಣವಿಲ್ಲದ, ಹೊಳಪಿಲ್ಲದ ಅಕ್ರಿಲಿಕ್ ದ್ರವ. ಇದನ್ನು ಕೊಳ್ಳದೆ ಬರೀ ನೀರು ಬೆರೆಸುವವರೇ ಜಾಸ್ತಿ. ನೀರು ಜಾಸ್ತಿಯಾದರೆ ಬಣ್ಣದ ಕಣಗಳನ್ನು ಹಿಡಿದಿಡುವ ಅಂಟು ಸಡಿಲವಾಗುತ್ತದೆ, ಕಣಗಳು ಗುಂಪುಗೂಡಿ ಮಚ್ಚೆ ಬೀಳುತ್ತದೆ. ಮೀಡಿಯಂ ಬೆರೆಸಿದರೆ ಬಣ್ಣ ತೆಳುವಾಗುತ್ತದೆ, ಅಂಟು ಹಾಗೇ ಉಳಿಯುತ್ತದೆ. ಖರ್ಚು ಕಡಿಮೆ ಮಾಡಬೇಕು ಅಂದರೆ ಒಂದು ವಾಷ್ ಬಿಡಿ, ಮೀಡಿಯಂ ಬಿಡಬೇಡಿ.

ಬ್ರಷ್ ಮೂರು: ಚೂಪು ತುದಿಯ 2 ನಂಬರ್, ಕಣ್ಣಿಗೆ 0 ನಂಬರ್, ಒರೆಸುವುದಕ್ಕೆ ಮೆತ್ತಗಿನ ಹಳೆಯ 4 ನಂಬರ್. ಸಣ್ಣ ಜಾಗಕ್ಕೆ ಸಣ್ಣ ಬ್ರಷ್ ಬೇಕು ಎಂದು ಎಲ್ಲರೂ 000 ಕೊಳ್ಳುತ್ತಾರೆ. ಅದರಲ್ಲಿ ಬಣ್ಣ ನಿಲ್ಲುವುದೇ ಇಲ್ಲ, ಬಸ್ಟ್ ಮುಟ್ಟುವ ಮೊದಲೇ ತುದಿ ಒಣಗಿರುತ್ತದೆ. 2 ನಂಬರಿನ ತುದಿ ಚೂಪಾಗಿದ್ದರೆ ಸುಕ್ಕಿನ ಗೆರೆಯನ್ನೂ ಎಳೆಯಬಹುದು.

ಇನ್ನುಳಿದದ್ದು ಟಿಶ್ಯೂ ಪೇಪರ್, ಎರಡು ಲೋಟ ನೀರು, ಬಿಳಿ ಪ್ಯಾಲೆಟ್, ಕೆಲವು ಪ್ಲಾಸ್ಟಿಕ್ ಚಮಚ (ಬಸ್ಟ್ ಜೊತೆಗೇ ಬಣ್ಣ ಹೊಡೆದು ವಾಷ್ ಪರೀಕ್ಷಿಸಲು), 400, 800 ಮತ್ತು 1000 ನಂಬರ್ ವಾಟರ್ ಪೇಪರ್, ಎನ್95 ಮಾಸ್ಕ್, ಸೂಪರ್ ಗ್ಲೂ, ಸ್ಯಾಟಿನ್ (ಅರೆ ಹೊಳಪು), ಮ್ಯಾಟ್ (ಹೊಳಪಿಲ್ಲದ) ಮತ್ತು ಗ್ಲಾಸಿ (ಪೂರ್ತಿ ಹೊಳಪಿನ) ವಾರ್ನಿಶ್. ಬಟ್ಟೆಗೆ ಹಚ್ಚುವ ಅಕ್ರಿಲಿಕ್ ಬಣ್ಣದಲ್ಲಿ ವಾಷ್ ಮಾಡಲು ಹೋಗಬೇಡಿ. ಅದು ಬಟ್ಟೆಯ ಜೊತೆ ಬಾಗಲೆಂದು ಮಾಡಿದ್ದು, ಇಲ್ಲಿ ಬೇಕಾದ ತೆಳು ಪದರ ಕೊಡುವುದಿಲ್ಲ.

## ಹಂತ 1: ರೆಸಿನ್ ತೊಳೆದು ಸಿದ್ಧ ಮಾಡುವುದು

ಅಚ್ಚಿನಿಂದ ಬಂದ ರೆಸಿನ್ ಮೇಲೆ ಜಿಡ್ಡು ಇರುತ್ತದೆ. ಅಚ್ಚಿಗೆ ಅಂಟಿಕೊಳ್ಳದಿರಲಿ ಎಂದು ಹಚ್ಚಿದ್ದು ಅದು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ, ಹಳೆಯ ಟೂತ್‌ಬ್ರಷ್‌ನಿಂದ ಗಡ್ಡದ ಸಂದಿ, ಕಿವಿಯ ಒಳಗೆಲ್ಲ ಉಜ್ಜಿ. ಕುದಿಯುವ ನೀರು ಬೇಡ, ರೆಸಿನ್ ಮೆತ್ತಗಾಗಿ ಸೊಟ್ಟಗಾಗುತ್ತದೆ. ರಾತ್ರಿಯಿಡೀ ಒಣಗಲು ಬಿಡಿ.

ತ್ರೀಡಿ ಪ್ರಿಂಟ್ ಮಾಡಿದ ಬಸ್ಟ್ ಆದರೆ ಲೆಕ್ಕ ಬೇರೆ. ಅದನ್ನು ಐಸೊಪ್ರೊಪೈಲ್ ಆಲ್ಕೊಹಾಲ್‌ನಲ್ಲಿ ತೊಳೆದು ಯುವಿ ಬೆಳಕಿನಲ್ಲಿ ಪೂರ್ತಿ ಗಟ್ಟಿ ಮಾಡಿರಬೇಕು. ಬೆರಳಿಗೆ ಸ್ವಲ್ಪವಾದರೂ ಅಂಟಂಟು ಅನಿಸಿದರೆ ಬಣ್ಣ ಹಚ್ಚಬೇಡಿ. ಬರಿಗೈಯಲ್ಲಿ ಮುಟ್ಟಲೂಬೇಡಿ. ಹಸಿ ರೆಸಿನ್‌ನಿಂದ ಚರ್ಮಕ್ಕೆ ಅಲರ್ಜಿ ಆಗಬಹುದು, ನೈಟ್ರೈಲ್ ಗ್ಲೌಸ್ ಹಾಕಿಕೊಳ್ಳಿ.

ಈಗ ಅಚ್ಚಿನ ಗೆರೆಗಳು. ಅಚ್ಚಿನ ಎರಡು ಭಾಗ ಸೇರಿದ ಕಡೆ ಕೂದಲೆಳೆಯಷ್ಟು ಏಣು ಉಳಿದಿರುತ್ತದೆ. ಕಿವಿಯ ಹಿಂದೆ, ಶಿರಸ್ತ್ರಾಣದ ಪಕ್ಕ, ಗಡ್ಡದ ಅಂಚಿನಲ್ಲಿ ಹುಡುಕಿ. ಮೊಬೈಲ್ ಟಾರ್ಚನ್ನು ಪಕ್ಕದಿಂದ ಓರೆಯಾಗಿ ಹಿಡಿದರೆ ಥಟ್ಟನೆ ಕಾಣುತ್ತದೆ. ಇದನ್ನು ಬಿಟ್ಟರೆ ವಾಷ್ ಆ ಏಣಿನ ಬುಡದಲ್ಲೇ ನಿಂತು, ಇಡೀ ಮುಖಕ್ಕೆ ಒಂದು ಗೆರೆ ಎಳೆದುಬಿಡುತ್ತದೆ. ಗಾಳಿಗುಳ್ಳೆಯ ತೂತುಗಳೂ ಹಾಗೇ, ಒಂದೊಂದೂ ಕಪ್ಪು ಚುಕ್ಕೆಯಾಗುತ್ತದೆ. ಸಣ್ಣದಕ್ಕೆ ಸೂಪರ್ ಗ್ಲೂ ಹನಿ, ದೊಡ್ಡದಕ್ಕೆ ಎಂ-ಸೀಲ್ ಅಥವಾ ಬೇರೆ ಎಪಾಕ್ಸಿ ಪುಟ್ಟಿ.

ಉಜ್ಜುವಾಗ ವಾಟರ್ ಪೇಪರನ್ನು ಒದ್ದೆ ಮಾಡಿಕೊಂಡೇ ಉಜ್ಜಿ, ಮಾಸ್ಕ್ ಹಾಕಿಕೊಳ್ಳಿ. ರೆಸಿನ್ ಪುಡಿ ಶ್ವಾಸಕೋಶಕ್ಕೆ ಒಳ್ಳೆಯದಲ್ಲ. ಮಕ್ಕಳು ಓಡಾಡುವ ಮನೆಯಲ್ಲಿ ಒಣ ಉಜ್ಜುವಿಕೆ ಬೇಡವೇ ಬೇಡ.

ಕೊನೆಗೆ ಬಸ್ಟ್‌ನ ತಳಕ್ಕೆ 2 ಮಿ.ಮೀ. ತೂತು ಕೊರೆದು ತಂತಿ ಕೂರಿಸಿ, ಅದನ್ನು ಹಿಡಿಕೆಗೆ ಸಿಕ್ಕಿಸಿ. ಮುಂದಿನ ಹಂತಗಳಲ್ಲಿ ಬಸ್ಟನ್ನು ತಲೆಕೆಳಗೆ ಹಿಡಿಯುವ ಕೆಲಸವೂ ಬರುತ್ತದೆ.

## ಹಂತ 2: ಪ್ರೈಮರ್, ಬೆಳಕಿನ ದಿಕ್ಕು

ಪ್ರೈಮರ್ ಅಂದರೆ ಮೇಲಿನ ಬಣ್ಣ ಹಿಡಿಯಲೆಂದು ಹೊಡೆಯುವ ಮೊದಲ ಪದರ. ಮೊದಲು ಸುತ್ತಲೂ ಕಪ್ಪು ಅಥವಾ ಗಾಢ ಬೂದು. ಅದು ಒಣಗಿದ ಮೇಲೆ ಓರೆಯಾಗಿ ಮೇಲಿನಿಂದ ತಿಳಿ ಬೂದು. ಆಮೇಲೆ ನೇರ ನೆತ್ತಿಯ ಮೇಲಿನಿಂದ ಸ್ವಲ್ಪವೇ ಬಿಳಿ. ಇದಕ್ಕೆ ಜೆನಿಥಲ್ ಪ್ರೈಮಿಂಗ್ ಅನ್ನುತ್ತಾರೆ. ಬೆಳಕು ಎಲ್ಲಿ ಬೀಳುತ್ತದೆ, ನೆರಳು ಎಲ್ಲಿ ಕೂರುತ್ತದೆ ಎಂಬುದು ಆಗಲೇ ಕಾಣುತ್ತದೆ. ಈ ಹಂತದಲ್ಲಿ ನಾಲ್ಕು ಕಡೆಯಿಂದ ಫೋಟೋ ತೆಗೆದಿಡಿ. ಬೇಸ್ ಬಣ್ಣ ಹಚ್ಚಿದ ಮೇಲೆ ಇದೆಲ್ಲ ಮುಚ್ಚಿಹೋಗುತ್ತದೆ, ವಾಷ್ ಎಲ್ಲಿ ಇಡಬೇಕು ಎಂದು ಫೋಟೋನೇ ಹೇಳುತ್ತದೆ.

ಸ್ಪ್ರೇ ಕ್ಯಾನ್ ಮತ್ತು ಬಸ್ಟ್ ನಡುವೆ 20ರಿಂದ 25 ಸೆಂ.ಮೀ. ಅಂತರ ಇರಲಿ. ಹತ್ತಿರವಾದರೆ ಸುಕ್ಕುಗಳು ತುಂಬಿ ಮುಚ್ಚುತ್ತವೆ. ದೂರವಾದರೆ ಬಣ್ಣ ಗಾಳಿಯಲ್ಲೇ ಒಣಗಿ ಮರಳಿನಂತೆ ಕೂರುತ್ತದೆ. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆಯವರು ಸ್ಪ್ರೇ ಹೊಡೆಯಲು ಮಳೆ ಬಿಟ್ಟ ದಿನಕ್ಕೆ ಕಾಯುವುದೇ ಸರಿ. ಅಷ್ಟು ತೇವದಲ್ಲಿ ಪ್ರೈಮರ್ ಮಸುಕಾಗಿ, ಒರಟಾಗಿ ಕೂರುತ್ತದೆ. ಕಾಯಲಾಗದಿದ್ದರೆ ಬ್ರಷ್‌ನಲ್ಲಿ ಹಚ್ಚುವ ಪ್ರೈಮರ್ ತೆಳುವಾಗಿ ಎರಡು ಸಲ ಹಚ್ಚಿ.

ಎಚ್ಚರಿಕೆಯ ಲಕ್ಷಣ: ಒಣಗಿದ ಮೇಲೆ ಕೆನ್ನೆಯನ್ನು ಬೆರಳಿಂದ ಸವರಿ. ಒರಟು ಸಿಕ್ಕಿದರೆ ಮುಂದೆ ಹೋಗಬೇಡಿ. ಆ ಒಂದೊಂದು ಕಣದ ಸುತ್ತಲೂ ವಾಷ್ ನಿಲ್ಲುತ್ತದೆ. 1000 ನಂಬರ್ ಪೇಪರಿನಿಂದ ಹಗುರವಾಗಿ ಉಜ್ಜಿ, ಮತ್ತೆ ಪ್ರೈಮರ್ ಹೊಡೆಯಿರಿ.

## ಹಂತ 3: ಬೇಸ್ ಬಣ್ಣ ಮತ್ತು ಸ್ಯಾಟಿನ್ ಪದರ

ಕೊನೆಗೆ ಯಾವ ಬಣ್ಣ ಬೇಕೋ ಅದಕ್ಕಿಂತ ಒಂದು ಮೆಟ್ಟಿಲು ತಿಳಿ ಬಣ್ಣ ಹಚ್ಚಿ. ವಾಷ್ ಎಲ್ಲವನ್ನೂ ಗಾಢ ಮಾಡುತ್ತದೆ. ಮುಖ ಮೊದಲೇ ಸರಿಯಾದ ಬಣ್ಣದಲ್ಲಿದ್ದರೆ, ಮುಗಿಯುವ ಹೊತ್ತಿಗೆ ಕೊಳೆಯಾಗಿ ಕಾಣುತ್ತದೆ. ತೆಳುವಾಗಿ ಎರಡು ಮೂರು ಸಲ ಹಚ್ಚಿ, ಬ್ರಷ್ ಗೆರೆ ಉಳಿಯಬಾರದು. ಉಳಿದರೆ ವಾಷ್ ಅದನ್ನೂ ತೋರಿಸುತ್ತದೆ.

ರಾತ್ರಿ ಒಣಗಲು ಬಿಡಿ. ಮುಟ್ಟಿದರೆ ಒಣಗಿದೆ ಅನಿಸಿದ ಕೂಡಲೇ ವಾಷ್ ಶುರು ಮಾಡುವುದು ತಪ್ಪು. ಒಳಗೆ ಇನ್ನೂ ಹಸಿ ಇರುತ್ತದೆ, ಒದ್ದೆ ಬ್ರಷ್ ತಿಕ್ಕಿದಾಗ ಬೇಸ್ ಕಿತ್ತು ಬರುತ್ತದೆ.

ಮರುದಿನ ಮುಖಕ್ಕೆ ತೆಳುವಾಗಿ ಸ್ಯಾಟಿನ್ ವಾರ್ನಿಶ್ ಹೊಡೆಯಿರಿ. ತುಂಬ ಜನ ಬಿಡುವ ಹಂತ ಇದು, ಉಂಗುರಗಳು ಅರ್ಧದಷ್ಟು ಕಡಿಮೆಯಾಗುವುದೂ ಇಲ್ಲೇ. ಮ್ಯಾಟ್ ಮೇಲ್ಮೈ ವಾಷನ್ನು ಬಿದ್ದ ಜಾಗದಲ್ಲೇ ಹಿಡಿದುಕೊಳ್ಳುತ್ತದೆ. ಸ್ಯಾಟಿನ್ ಮೇಲೆ ಅದು ಜಾರುತ್ತದೆ. ತಪ್ಪಾದರೆ ಒದ್ದೆ ಬ್ರಷ್‌ನಿಂದ ಎತ್ತಿಬಿಡಬಹುದು. ಗಡ್ಡಕ್ಕೆ, ಚರ್ಮದ ಅಂಗಿಗೆ ಈ ಪದರ ಬೇಡ, ಅಲ್ಲಿ ವಾಷ್ ಹಿಡಿದುಕೊಳ್ಳುವುದೇ ಒಳ್ಳೆಯದು.

## ಹಂತ 4: ವಾಷ್ ಬೆರೆಸಿ ಚಮಚದ ಮೇಲೆ ಪರೀಕ್ಷಿಸುವುದು

ಬಾಟಲಿಯನ್ನು ಚೆನ್ನಾಗಿ ಅಲುಗಾಡಿಸಿ, ಐದು ನಿಮಿಷ ಸುಮ್ನೆ ಇಡಿ. ಗುಳ್ಳೆಗಳು ಒಡೆಯಬೇಕು. ಗುಳ್ಳೆ ಸಮೇತ ಹಚ್ಚಿದರೆ ಒಣಗಿದ ಮೇಲೆ ಚಿಕ್ಕ ಚಿಕ್ಕ ಬಳೆಗಳು ಉಳಿಯುತ್ತವೆ.

ಮುಖಕ್ಕೆ ಒಂದು ಪಾಲು ವಾಷ್, ಮೂರು ಪಾಲು ಮೀಡಿಯಂ. ಗಡ್ಡಕ್ಕೆ ಒಂದಕ್ಕೆ ಒಂದು. ಸರಪಳಿಗೆ ಬಾಟಲಿಯಿಂದ ನೇರವಾಗಿ. ಬಸ್ಟ್ ಜೊತೆಗೇ ಪ್ರೈಮರ್, ಬೇಸ್, ಸ್ಯಾಟಿನ್ ಹೊಡೆದಿಟ್ಟ ಪ್ಲಾಸ್ಟಿಕ್ ಚಮಚ ತೆಗೆದುಕೊಳ್ಳಿ. ಅದರ ಉಬ್ಬಿದ ಬೆನ್ನು ಹೆಚ್ಚುಕಡಿಮೆ ಕೆನ್ನೆಯೇ. ಅದರ ಮೇಲೆ ಹಚ್ಚಿ, ಪೂರ್ತಿ ಒಣಗುವವರೆಗೆ ಕಾಯಿರಿ. ಹಸಿ ಇದ್ದಾಗ ಕಾಣುವ ಬಣ್ಣವೇ ಬೇರೆ. ಅಂಚಿನಲ್ಲಿ ಗೆರೆ ಕಂಡರೆ ಇನ್ನೂ ಒಂದು ಪಾಲು ಮೀಡಿಯಂ ಹಾಕಿ.

## ಹಂತ 5: ಮುಖ

ನಿಧಾನ ಬೇಕಾದ ಜಾಗ ಇದೇ. ಇಡೀ ಮುಖಕ್ಕೆ ಒಮ್ಮೆಲೇ ಹಚ್ಚಬೇಡಿ. ಒಂದು ಸಲಕ್ಕೆ ಒಂದೇ ತಗ್ಗು.

ಬ್ರಷ್ ಅದ್ದಿ, ಅದರ ಹೊಟ್ಟೆಯನ್ನು ಟಿಶ್ಯೂಗೆ ಒಮ್ಮೆ ಮುಟ್ಟಿಸಿ. ಟಿಶ್ಯೂ ಮೇಲೆ ಒಂದು ಒದ್ದೆ ಗುರುತು ಬೀಳಬೇಕು, ಬ್ರಷ್ ಹೊಳೆಯುತ್ತಿರಬೇಕು, ತುದಿಯಲ್ಲಿ ಹನಿ ತೂಗಬಾರದು. ಈಗ ಬ್ರಷ್ಷನ್ನು ಬೆಳಕಿನ ಕಡೆಯಿಂದ ನೆರಳಿನ ಕಡೆಗೆ ಎಳೆಯಿರಿ. ಕೆನ್ನೆಯ ಮೂಳೆಯ ಕೆಳಗಿನಿಂದ ಶುರು ಮಾಡಿ ಗಡ್ಡದ ಬುಡದಲ್ಲಿ ಎತ್ತಿ. ಬ್ರಷ್ ಎತ್ತಿದ ಜಾಗದಲ್ಲಿ ಬಣ್ಣ ಜಾಸ್ತಿ ಉಳಿಯುತ್ತದೆ. ಅದಕ್ಕೇ ಗಾಢ ಬೇಕಾದ ಕಡೆಯೇ ಎತ್ತಬೇಕು. ಉಲ್ಟಾ ಎಳೆದರೆ ಉಬ್ಬಿದ ಮೂಳೆಯ ಮೇಲೆ ಕಲೆ, ತಗ್ಗಿನಲ್ಲಿ ಖಾಲಿ.

ಕ್ರಮ ಹೀಗಿರಲಿ. ಮೊದಲು ಕಣ್ಣಿನ ಗುಳಿ, ಆಮೇಲೆ ಮೂಗಿನ ಎರಡು ಪಕ್ಕ, ಮೂಗಿನ ಹೊಳ್ಳೆ, ಕೆಳತುಟಿಯ ಕೆಳಗೆ, ಕಿವಿಯ ಒಳಗೆ, ಶಿರಸ್ತ್ರಾಣದ ಅಂಚು ಹಣೆಗೆ ತಾಗುವ ಕಡೆ. ಹಣೆಯ ಸುಕ್ಕುಗಳು ಕೊನೆಗೆ. ಈ ಕ್ರಮದಲ್ಲಿ ಕೈ ಹಸಿ ಜಾಗಕ್ಕೆ ತಾಗುವುದು ಕಡಿಮೆ.

ಹಚ್ಚಿದ ಕೂಡಲೇ ಬ್ರಷ್ ತೊಳೆದು, ಟಿಶ್ಯೂಗೆ ಒತ್ತಿ, ಬರೀ ತೇವ ಇರುವ ತುದಿಯಿಂದ ಅಂಚನ್ನು ಮೇಲ್ಮುಖವಾಗಿ ಸವರಿ. ಅಂಚು ಕರಗಿ ಚರ್ಮದಲ್ಲಿ ಸೇರಿಹೋಗುತ್ತದೆ. ಹಸಿ ಇರುವಾಗಲೇ ಮಾಡಬೇಕು, ಬೆಂಗಳೂರಿನ ಒಣ ಹವೆಯಲ್ಲಿ ಮಾರ್ಚ್, ಏಪ್ರಿಲ್ ತಿಂಗಳಲ್ಲಿ ಅರ್ಧ ನಿಮಿಷ ಸಿಕ್ಕರೆ ಹೆಚ್ಚು. ಫ್ಯಾನ್ ಆಫ್ ಮಾಡಿ ಕೂತರೆ ಇನ್ನಷ್ಟು ಹೊತ್ತು ಸಿಗುತ್ತದೆ.

ಬಸ್ಟನ್ನು ಓರೆಯಾಗಿಸುವುದನ್ನೂ ಕಲಿಯಿರಿ. ಕಣ್ಣಿನ ಗುಳಿಗೆ ಹಚ್ಚುವಾಗ ಬಸ್ಟನ್ನು ಹಿಂದಕ್ಕೆ ಮಲಗಿಸಿದರೆ ವಾಷ್ ಗುಳಿಯಲ್ಲೇ ನಿಲ್ಲುತ್ತದೆ, ಕೆನ್ನೆಗೆ ಇಳಿಯುವುದಿಲ್ಲ. ಹುಬ್ಬಿನ ಕೆಳಗಿನ ನೆರಳಿಗೆ ತಲೆಕೆಳಗೆ ಹಿಡಿಯಿರಿ.

ಮೊದಲ ಪದರ ಒಣಗಿದಾಗ ಏನೂ ಆಗಿಲ್ಲ ಅನಿಸುವಷ್ಟು ತಿಳಿಯಾಗಿ ಕಾಣಬೇಕು. ಅದೇ ಸರಿ. ಅರ್ಧ ಗಂಟೆ ಬಿಟ್ಟು ಎರಡನೆಯದು, ಮತ್ತೆ ಅರ್ಧ ಗಂಟೆ ಬಿಟ್ಟು ಮೂರನೆಯದು. ಒಂದೊಂದು ಪದರವನ್ನೂ ಹಿಂದಿನದಕ್ಕಿಂತ ಸಣ್ಣ ಜಾಗಕ್ಕೆ ಇಡಿ. ಕರಾವಳಿಯ ಮಳೆಗಾಲದಲ್ಲಿ ಒಂದು ಗಂಟೆಗೂ ಹೆಚ್ಚು ಕಾಯಬೇಕಾಗಬಹುದು. ಹೇರ್ ಡ್ರೈಯರ್ ಹಿಡಿಯುವುದಾದರೆ ತಣ್ಣನೆ ಗಾಳಿ, ಅದೂ ದೂರದಿಂದ. ಜೋರು ಗಾಳಿ ಹಸಿ ವಾಷನ್ನು ತಳ್ಳಿಕೊಂಡು ಹೋಗುತ್ತದೆ.

ನೆರಳು ಕೂತ ಮೇಲೆ ಮುಖಕ್ಕೆ ಜೀವ ಕೊಡುವುದು ಬಣ್ಣದ ವ್ಯತ್ಯಾಸ. ಮೂಗಿನ ತುದಿ, ಕೆನ್ನೆ, ಕಿವಿಗೆ ಮೀಡಿಯಂ ಬೆರೆಸಿ ತುಂಬ ತೆಳು ಮಾಡಿದ ಕೆಂಪು ಬಣ್ಣ. ಕಣ್ಣಿನ ಕೆಳಗೆ ನೇರಳೆ, ಐದು ಪಾಲು ಮೀಡಿಯಂ ಬೆರೆಸಿ. ಗಡ್ಡ ಹುಟ್ಟುವ ಜಾಗದಲ್ಲಿ ಸ್ವಲ್ಪ ನೀಲಿ ಬೂದು. ಚಳಿಯಲ್ಲಿ, ಗಣಿಯಲ್ಲಿ ಬಾಳಿದ ಮುದುಕ ಇವನು, ಮೂಗು ಕೆಂಪಗಿದ್ದಷ್ಟೂ ನಂಬುವಂತಿರುತ್ತಾನೆ.

## ಹಂತ 6: ಕಣ್ಣು

ಮುಖದ ನೆರಳು ಮುಗಿದ ಮೇಲೆಯೇ ಕಣ್ಣು. ಮೊದಲೇ ಮಾಡಿದರೆ ವಾಷ್ ಹರಿದು ಬಿಳಿ ಭಾಗ ಕೊಳೆಯಾಗುತ್ತದೆ. ಕಣ್ಣಿಗೆ ಅಚ್ಚ ಬಿಳಿ ಬೇಡ, ದಂತದ ಬಣ್ಣ ಅಥವಾ ತಿಳಿ ಬೂದು ಸಾಕು. ಮೇಲಿನ ರೆಪ್ಪೆಯ ಕೆಳಗೆ ಗಾಢ ಕಂದು ವಾಷ್‌ನ ತೆಳು ಗೆರೆ, ಕಣ್ಣಿನ ಒಳಮೂಲೆಗೆ ಒಂದು ಚುಕ್ಕೆ ಕೆಂಪು. ಪಾಪೆಯ ಮೇಲ್ಭಾಗ ರೆಪ್ಪೆಯ ಅಡಿ ಸ್ವಲ್ಪ ಮುಚ್ಚಿರಲಿ. ಪೂರ್ತಿ ದುಂಡಗೆ ಕಂಡರೆ ಅವನು ಬೆಚ್ಚಿಬಿದ್ದವನ ಹಾಗೆ ಕಾಣುತ್ತಾನೆ.

## ಹಂತ 7: ಗಡ್ಡ

ಇಲ್ಲಿ ವಾಷ್ ತಾನೇ ಕೆಲಸ ಮಾಡುತ್ತದೆ, ಎಳೆಗಳ ನಡುವೆ ಎಲ್ಲ ಕಡೆ ತಗ್ಗು ಇದೆ. ಬಿಳಿ ಗಡ್ಡವಾದರೆ ತಿಳಿ ಬೂದು ಬೇಸ್ ಮೇಲೆ ಕಂದು ವಾಷ್. ಕಪ್ಪು ಹಚ್ಚಿದರೆ ಮಸಿ ಹಿಡಿದಂತಾಗುತ್ತದೆ. ಎಳೆಯ ದಿಕ್ಕಿನಲ್ಲೇ ಮೇಲಿನಿಂದ ಕೆಳಗೆ ಎಳೆಯಿರಿ. ಗಡ್ಡದ ತುದಿಯಲ್ಲಿ ಹನಿ ಸೇರುತ್ತದೆ, ಎರಡು ಮೂರು ನಿಮಿಷ ಕಣ್ಣಿಟ್ಟಿದ್ದು ಒಣ ಬ್ರಷ್‌ನಿಂದ ಹೀರಿ. ಬಾಯಿಯ ಸುತ್ತ, ಮೀಸೆಯ ಅಡಿ ಇನ್ನೊಂದು ಪದರ ಇಡಿ.

## ಹಂತ 8: ಚರ್ಮದ ಅಂಗಿ, ಸರಪಳಿ, ಶಿರಸ್ತ್ರಾಣ

ಚರ್ಮಕ್ಕೆ ಗಾಢ ಕಂದು ವಾಷ್, ಒಂದಕ್ಕೆ ಒಂದು. ಇಲ್ಲಿ ಸ್ವಲ್ಪ ಕಲೆ ಬಿದ್ದರೂ ಒಳ್ಳೆಯದೇ, ಹಳೆಯ ಚರ್ಮ ಹಾಗೇ ಇರುತ್ತದೆ. ಸರಪಳಿಗೆ ಲೋಹದ ಬೇಸ್ ಮೇಲೆ ಕಪ್ಪು ವಾಷ್ ನೇರವಾಗಿ. ಬಸ್ಟ್‌ನಲ್ಲಿ ಧಾರಾಳವಾಗಿ ಹಚ್ಚಬಹುದಾದ ಜಾಗ ಇದೊಂದೇ.

ಶಿರಸ್ತ್ರಾಣ ಮತ್ತೆ ಕಷ್ಟ, ನುಣ್ಣನೆ ಉಬ್ಬು ಅದು. ಇದಕ್ಕೆ ಆಯಿಲ್ ವಾಷ್ ಮಾಡುವುದೇ ಸುಲಭ. ಮೊದಲು ಗ್ಲಾಸಿ ವಾರ್ನಿಶ್ ಹಚ್ಚಿ ಒಂದು ದಿನ ಬಿಡಿ. ಟ್ಯೂಬಿನ ಆಯಿಲ್ ಕಲರ್, ಬರ್ಂಟ್ ಅಂಬರ್ (ಗಾಢ ಕಂದು) ಸಾಕು, ಕಾಳಿನಷ್ಟು ತೆಗೆದು ವೈಟ್ ಸ್ಪಿರಿಟ್‌ನಲ್ಲಿ (ಆಯಿಲ್ ಬಣ್ಣ ತೆಳು ಮಾಡುವ ಥಿನ್ನರ್) ಕದಡಿ. ಮೊಳೆಗಳ ಸುತ್ತ, ಅಂಚಿನ ಸಂದಿಯಲ್ಲಿ ಬ್ರಷ್ ತುದಿ ಮುಟ್ಟಿಸಿದರೆ ಸಾಕು, ಅದೇ ಸಂದಿ ಹಿಡಿದು ಓಡುತ್ತದೆ. ಅರ್ಧ ಗಂಟೆ ಬಿಟ್ಟು, ಹೆಚ್ಚಾದದ್ದನ್ನು ಕಾಟನ್ ಬಡ್‌ನಿಂದ ಮೇಲಿನಿಂದ ಕೆಳಗೆ ಒರೆಸಿ. ಆಯಿಲ್ ನಿಧಾನ ಒಣಗುವುದರಿಂದ ತಿದ್ದಲು ಬೇಕಾದಷ್ಟು ಹೊತ್ತು ಇದೆ. ಪೂರ್ತಿ ಒಣಗಲು ಎರಡು ಮೂರು ದಿನ ಕೊಡಿ.

ಇಲ್ಲಿ ಎರಡು ಅಪಾಯ. ಹಾರ್ಡ್‌ವೇರ್ ಅಂಗಡಿಯಲ್ಲಿ ಬರೀ ಥಿನ್ನರ್ ಕೊಡಿ ಅಂದರೆ ಎನ್‌ಸಿ ಥಿನ್ನರ್ ಕೊಡಬಹುದು. ಅದು ವಾರ್ನಿಶ್, ಬೇಸ್, ಪ್ರೈಮರ್ ಎಲ್ಲವನ್ನೂ ಕರಗಿಸುತ್ತದೆ. ಕಲಾ ಸಾಮಗ್ರಿ ಅಂಗಡಿಯಿಂದ ಆಯಿಲ್ ಪೇಂಟಿಂಗ್‌ಗೆಂದೇ ಇರುವ, ವಾಸನೆ ಕಡಿಮೆಯ ಸ್ಪಿರಿಟ್ ತನ್ನಿ. ಇನ್ನೊಂದು, ಆಯಿಲ್ ಬಣ್ಣ ಒರೆಸಿದ ಬಟ್ಟೆಯನ್ನು ಮುದುರಿ ಡಬ್ಬಕ್ಕೆ ಎಸೆಯಬೇಡಿ. ಆ ಬಣ್ಣದಲ್ಲಿರುವ ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಬೆಂಕಿಯೂ ಹತ್ತಬಹುದು. ಹೊರಗೆ ಹರಡಿ ಒಣಗಿಸಿ ಬಿಸಾಡಿ. ಕಿಟಕಿ ತೆರೆದಿರಲಿ.

## ಕೆಟ್ಟರೆ ಏನು ಮಾಡಬೇಕು

ಹಸಿ ಇರುವಾಗ ವಾಷ್ ಜಾಸ್ತಿಯಾದರೆ ಟಿಶ್ಯೂ ಒತ್ತಬೇಡಿ, ಅದರ ಗುರುತು ಬೀಳುತ್ತದೆ. ಒತ್ತಿ ಹಿಂಡಿದ ಬ್ರಷ್‌ನಿಂದ ಹೀರಿ.

ಅರ್ಧ ಒಣಗಿದ್ದರೆ ಕೈ ಮುಟ್ಟಲೇಬೇಡಿ. ಅತಿ ಹೆಚ್ಚು ಮುಖಗಳು ಹಾಳಾಗುವುದು ಈ ಗಳಿಗೆಯಲ್ಲೇ. ಮೇಲೆ ಸಿಪ್ಪೆ ಕಟ್ಟಿರುತ್ತದೆ, ಬ್ರಷ್ ತಾಗಿದರೆ ಅದು ಹರಿದು ಗಾಯದಂತಾಗುತ್ತದೆ. ಪೂರ್ತಿ ಒಣಗಲಿ, ಆಮೇಲೆ ತಿದ್ದೋಣ.

ಒಣಗಿದ ಉಂಗುರಕ್ಕೆ ಮದ್ದು ಬೇಸ್ ಬಣ್ಣವೇ. ಒಂದು ಪಾಲು ಬೇಸ್‌ಗೆ ನಾಲ್ಕು ಪಾಲು ಮೀಡಿಯಂ ಬೆರೆಸಿ, ಗಾಢ ಅಂಚಿನ ಮೇಲೆ ಮಾತ್ರ ಗೆರೆ ಹಿಡಿದು ಸವರಿ. ಎರಡು ಮೂರು ಪದರದಲ್ಲಿ ಅಂಚು ಅಡಗುತ್ತದೆ. ಇನ್ನೂ ಗಾಢ ವಾಷ್ ಹಚ್ಚಿ ಮುಚ್ಚಲು ಹೋದರೆ ಎರಡನೇ ಉಂಗುರ ಸಿಗುತ್ತದೆ ಅಷ್ಟೇ.

ತಗ್ಗಿನಲ್ಲಿ ಹೊಳಪು ಕಂಡರೆ ಅಲ್ಲಿ ವಾಷ್ ದಪ್ಪವಾಗಿ ನಿಂತಿದೆ ಎಂದು ಅರ್ಥ. ಮ್ಯಾಟ್ ವಾರ್ನಿಶ್‌ನಲ್ಲಿ ಅದು ಸರಿಹೋಗುತ್ತದೆ, ಈಗ ಏನೂ ಮಾಡಬೇಡಿ.

## ಹಂತ 9: ಬೆಳಕು ಹಿಂತಿರುಗಿಸುವುದು, ವಾರ್ನಿಶ್

ವಾಷ್ ಮುಗಿದ ಮೇಲೆ ಮುಖ ಸ್ವಲ್ಪ ಮಂಕಾಗಿರುತ್ತದೆ. ಹಂತ 2ರ ಫೋಟೋ ಎದುರಿಗಿಟ್ಟುಕೊಳ್ಳಿ. ಬಿಳಿ ಬಿದ್ದಿದ್ದ ಕಡೆಗಳಿಗೆ, ಅಂದರೆ ಮೂಗಿನ ಸೇತುವೆ, ಕೆನ್ನೆಯ ಮೂಳೆ, ಸುಕ್ಕುಗಳ ಮೇಲಂಚು, ಕೆಳತುಟಿಗೆ ಬೇಸ್ ಬಣ್ಣಕ್ಕೆ ಸ್ವಲ್ಪ ದಂತದ ಬಣ್ಣ ಬೆರೆಸಿ ತೆಳುವಾಗಿ ಹಚ್ಚಿ. ಅಚ್ಚ ಬಿಳಿ ಬೆರೆಸಿದರೆ ಚರ್ಮ ಸುಣ್ಣ ಬಳಿದಂತೆ ಕಾಣುತ್ತದೆ. ಗಡ್ಡಕ್ಕೆ ಒಣ ಬ್ರಷ್‌ನಿಂದ ತಿಳಿ ಬಣ್ಣ ಹಗುರವಾಗಿ ಸವರಿದರೆ ಸಾಕು.

ಮ್ಯಾಟ್ ವಾರ್ನಿಶ್ ಸ್ಪ್ರೇ ಆದರೆ ಮೊದಲು ಅದೇ ಚಮಚದ ಮೇಲೆ ಹೊಡೆದು ನೋಡಿ. ತೇವದ ದಿನ ಬಿಳಿ ಮಂಜು ಕೂರುತ್ತದೆ, ಆ ದಿನ ಬಸ್ಟ್ ಕಡೆ ಕ್ಯಾನ್ ತಿರುಗಿಸಬೇಡಿ. ಚಮಚ ಸ್ವಚ್ಛವಾಗಿ ಒಣಗಿದರೆ ಬಸ್ಟ್‌ಗೆ ತೆಳುವಾಗಿ ಎರಡು ಸಲ. ಅದು ಒಣಗಿದ ಮೇಲೆ ಕೆಳತುಟಿಗೆ, ಮೂಗಿನ ತುದಿಗೆ ಸ್ಯಾಟಿನ್, ಕಣ್ಣಿಗೆ ಒಂದು ಚುಕ್ಕೆ ಗ್ಲಾಸಿ ವಾರ್ನಿಶ್. ಶಿರಸ್ತ್ರಾಣಕ್ಕೂ ಸ್ಯಾಟಿನ್ ಸವರಿ, ಮ್ಯಾಟ್ ಪದರದ ಅಡಿ ಲೋಹ ಸತ್ತಂತೆ ಕಾಣುತ್ತದೆ. ಒಂದು ದಿನ ಬಿಟ್ಟು ಬಸ್ಟನ್ನು ತಂತಿ ಸಮೇತ ಹಿಡಿಕೆಯಿಂದ ಬಿಡಿಸಿ. ಮರದ ಪೀಠಕ್ಕೆ ಅದೇ ಅಳತೆಯ ತೂತು ಕೊರೆದು, ಎಪಾಕ್ಸಿ ಹಾಕಿ ಕೂರಿಸಿ.